ನೆಲ ಮುಟ್ಟುವ ಬಾಗಿಲು

“ಇದನ್ನ ನಾನು ತಗೊಳ್ಳೋ ಹಾಗಿಲ್ಲ, ಸಹರ್,” ಎಂದು ಗುನಿಲ್ಲಾ ಸ್ಟೀಲ್ ಡಬ್ಬಿಯನ್ನು ಎರಡು ಬೆರಳಿನಿಂದ ಮೇಜಿನ ಈ ಕಡೆಗೆ ತಳ್ಳಿದರು.

ಬೈದರು ಅಂತಲ್ಲ. ನಗುತ್ತಲೇ ಹೇಳಿದರು. ಆದರೂ ಕೊಟ್ಟ ಡಬ್ಬಿ ವಾಪಸ್ ಬಂತಲ್ಲ, ಸಹರ್‌ಗೆ ಕಿವಿ ಬಿಸಿಯಾಯಿತು.

ಡಬ್ಬಿಯಲ್ಲಿದ್ದದ್ದು ಗೋಧಿ ಹಲ್ವಾ. ಅಮ್ಮಿ ಬೆಳಿಗ್ಗೆ ಎದ್ದು ಕೈ ನೋಯುವವರೆಗೂ ಕಲಕಿ ಮಾಡಿದ್ದು. “ಹೊಸ ಸ್ಕೂಲಿಗೆ ಬಾಗಿಲು ಕೂರಿಸಿದಾರೆ ಅಂತೀಯ. ಬಾಗಿಲು ಕೂರಿಸಿದ ಮೇಲೆ ಮೇಸ್ತ್ರಿ ಬಾಯಿ ಸಿಹಿ ಮಾಡದೆ ಇರ್ತಾರಾ ಯಾರಾದ್ರೂ?” ಎಂದಿದ್ದರು. ದಾವಣಗೆರೆಯಲ್ಲಿ ಅವರ ಮನೆ ಕಟ್ಟುವಾಗ ಹಾಗೇ ಮಾಡಿದ್ದರಂತೆ, ಮೇಸ್ತ್ರಿಗೆ ಒಂದು ಟವೆಲ್ ಕೂಡ ಕೊಟ್ಟಿದ್ದರಂತೆ. ಕೆಲವು ಮಕ್ಕಳಿಗೆ ಅಲರ್ಜಿ ಇರುವುದರಿಂದ ಸ್ವೀಡನ್ನಿನ ಶಾಲೆಯ ಹತ್ತಿರ ಗೋಡಂಬಿ, ಬಾದಾಮಿ ತರಬಾರದು ಅನ್ನುವುದು ಅಮ್ಮಿಗೆ ಗೊತ್ತಿತ್ತು, ಅದಕ್ಕೇ ಅವನ್ನು ಹಾಕಿರಲಿಲ್ಲ. ಗೊತ್ತಿಲ್ಲದ್ದು ಇನ್ನೊಂದಿತ್ತು.

ಗುನಿಲ್ಲಾ ಮೇಸ್ತ್ರಿ ಅಲ್ಲ. ಅವರು ಕೊಮ್ಯೂನಿನವರು. ಕೊಮ್ಯೂನ್ ಅಂದರೆ ನಮ್ಮ ಕಡೆಯ ಪುರಸಭೆ ಇದ್ದ ಹಾಗೆ. ಶಾಲೆ ಕಟ್ಟುವ ಕೆಲಸವನ್ನೆಲ್ಲ ನೋಡಿಕೊಳ್ಳುವವರು ಅವರೇ. ಅಂಥವರು ಕೆಲಸದ ವಿಷಯದಲ್ಲಿ ಯಾರಿಂದಲೂ ಏನೂ ತೆಗೆದುಕೊಳ್ಳಬಾರದು, ತಮ್ಮ ಸೋದರತ್ತೆಯೇ ಚಾಕಲೇಟ್ ಕೊಟ್ಟರೂ ವಾಪಸ್ ಕೊಡಬೇಕು ಎಂದು ಅವರು ಬಿಡಿಸಿ ಹೇಳಿದರು.

ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ ಆಲ್ಬಿನ್ ಕಿಸಕ್ಕೆಂದ. ಅವನು ಆರನೇ ಕ್ಲಾಸಿನವನು.

“ಆ ಡಬ್ಬಿ ಕೊಟ್ರೆ ಸ್ವಿಮ್ಮಿಂಗ್ ಪೂಲ್ ಕೂಡ ಸಿಗುತ್ತಾ?”

ಸಹರ್ ಡಬ್ಬಿಯನ್ನು ಬ್ಯಾಗಿನೊಳಗೆ ತುರುಕಿದಳು.

ಇವರೆಲ್ಲ ನಿಗಾ ಗುಂಪಿನವರು. ಶಾಲೆ ಕಟ್ಟುತ್ತಿರುವುದು ಊರಿನವರ ತೆರಿಗೆ ಹಣದಲ್ಲಿ ತಾನೇ? ಹೇಳಿದ್ದನ್ನೇ ಕಟ್ಟುತ್ತಿದ್ದಾರಾ ಅಂತ ಊರಿನವರೇ ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ಕೆಲವು ಅಪ್ಪ ಅಮ್ಮಂದಿರು, ರಿಟೈರ್ ಆದ ಬಸ್ ಡ್ರೈವರ್ ಬೆಂಗ್ಟ್ ತಾತ, ಮಕ್ಕಳ ಕಡೆಯಿಂದ ಆಲ್ಬಿನ್ ಮತ್ತು ನಾಲ್ಕನೇ ಕ್ಲಾಸಿನ ಸಹರ್. ಕ್ಲಾಸಿನವರು ಕೈ ಎತ್ತಿ ಸಹರ್‌ಳನ್ನು ಆರಿಸಿ ಕಳಿಸಿದ್ದರು. ಅವಳೂ ಬೇಕು ಅಂತಲೇ ನಿಂತಿದ್ದಳು. ಯಾಕೆ ಅಂತ ಮಾತ್ರ ಯಾರಿಗೂ ಹೇಳಿರಲಿಲ್ಲ.

ಕಾರಣ ಬಾತ್‌ರೂಮ್ ಬಾಗಿಲು.

ಹೊಸ ಶಾಲೆ ಆಗುವವರೆಗೆ ಪಾಠವೆಲ್ಲ ತಗಡಿನ ಶೆಡ್ಡಿನಲ್ಲಿ. ಅಲ್ಲಿನ ಬಾತ್‌ರೂಮ್ ಬಾಗಿಲಿನ ಕೆಳಗೆ ಇಷ್ಟಗಲ ಸಂದು. ಸಹರ್ ಒಳಗೆ ಹೋಗುವಾಗ ನೀರಿನ ಬಾಟಲ್ ತೆಗೆದುಕೊಂಡು ಹೋಗುತ್ತಾಳೆ. ಅವರ ಮನೆಯಲ್ಲಿ ಬರೀ ಪೇಪರಿನಲ್ಲಿ ಒರೆಸಿಕೊಳ್ಳುವುದಿಲ್ಲ, ತೊಳೆದುಕೊಳ್ಳುತ್ತಾರೆ. ಹೋದ ವರ್ಷ ಯಾರೋ ಸಂದಿನಿಂದ ಆ ಬಾಟಲ್ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ‘ಬಾಟ್ಲಿ’ ಅಂತ ಹೆಸರಾಯಿತು. ಅವತ್ತಿನಿಂದ ಸಹರ್ ಶಾಲೆಯಲ್ಲಿ ನೀರನ್ನೇ ಕುಡಿಯುತ್ತಿರಲಿಲ್ಲ. ಮನೆಗೆ ಹೋಗುವವರೆಗೂ ತಡೆದುಕೊಳ್ಳುತ್ತಿದ್ದಳು.

ಹೊಸ ಶಾಲೆಗೆ ಎಂಥ ಬಾಗಿಲು ಬೇಕು ಅಂತ ಮಕ್ಕಳನ್ನು ಕೇಳಿದಾಗ ಅವಳು ಹೇಳಿದ್ದು ಒಂದೇ ಮಾತು: ನೆಲದವರೆಗೂ ಇರಬೇಕು. ಗುನಿಲ್ಲಾ ಆಯಿತು ಎಂದಿದ್ದರು.

ಗುಂಪು ಮೆಟ್ಟಿಲು ಹತ್ತಿತು. ಹೊಸ ಬಣ್ಣದ ವಾಸನೆ. ಬೆಂಗ್ಟ್ ತಾತ ಕಂಡ ಕಂಡ ಕಿಟಕಿಯನ್ನೆಲ್ಲ ತೆಗೆದು ಮುಚ್ಚಿ ನೋಡಿದರು. ಯಾರೋ ಊಟದ ಹಾಲಿನ ದೀಪದ ಬಗ್ಗೆ ಕೇಳಿದರು. ಕಾರಿಡಾರಿನ ಕೊನೆಯಲ್ಲಿ ಬಾತ್‌ರೂಮ್‌ಗಳು. ನೀಲಿ ಬಾಗಿಲು, ಬೆಳ್ಳಗೆ ಹೊಳೆಯುವ ಹಿಡಿ.

ಸಹರ್ ಕೆಳಗೆ ನೋಡಿದಳು. ಸಂದು. ಶೆಡ್ಡಿನಲ್ಲಿದ್ದಷ್ಟೇ.

 ಬೇರೆ ಯಾರೂ ಗಮನಿಸಲಿಲ್ಲ, ಎಲ್ಲರೂ ಜಿಮ್ ಕಡೆಗೆ ತಿರುಗಿದರು. ಕೇಳಬೇಕು ಅಂತ ಬಾಯಿ ತೆರೆದವಳಿಗೆ ಡಬ್ಬಿ ನೆನಪಾಯಿತು. ಈಗ ಕೇಳಿದರೆ ಅದಕ್ಕೇ ಸಿಹಿ ತಂದಿದ್ದಳು ಅಂದುಕೊಳ್ಳುತ್ತಾರೆ. ಗುನಿಲ್ಲಾ ಒಪ್ಪಿಬಿಟ್ಟರಂತೂ ಆಲ್ಬಿನ್ ಊರಿಗೆಲ್ಲ ಸಾರುತ್ತಾನೆ. ಅವಳು ಬಾಯಿ ಮುಚ್ಚಿಕೊಂಡಳು.

ನೋಡುವುದು ಮುಗಿದ ಮೇಲೆ ಯಾವಾಗಲೂ ಸೈಟಿನ ಕೋಣೆಯಲ್ಲಿ ಫೀಕಾ. ಕಾಫಿ, ಬನ್ನು, ಜೊತೆಗೆ ಮಾತು. ಪ್ರಶ್ನೆ ಕೇಳುವುದೂ ಆಗಲೇ. ಎಲ್ಲರೂ ಕಪ್ ಹಿಡಿದು ಕೂರುವಾಗ ಕಿಟಕಿಯಾಚೆ ಅಮ್ಮಿ ಕಾಣಿಸಿದರು. ಸ್ವೀಡಿಷ್ ಕ್ಲಾಸ್ ಮುಗಿಸಿ ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದರು. ಸಹರ್ ಹೊರಗೆ ಓಡಿ ಡಬ್ಬಿಯನ್ನು ಅವರ ಕೈಗೆ ಇಟ್ಟಳು.

ಅಮ್ಮಿ ಮುಚ್ಚಳ ತೆಗೆದು ನೋಡಿದರು. “ಒಂದು ತುಂಡೂ ಹೋಗಿಲ್ಲ. ಅವರಿಗೆ ಶುಗರಾ?”

“ಇಲ್ಲಿ ಹಂಗೆಲ್ಲ ಕೊಡಬಾರದಂತೆ ಅಮ್ಮಿ. ಲಂಚ ಆಗುತ್ತಂತೆ.”

ಅಮ್ಮಿ ಕೆನ್ನೆಗೆ ಕೈ ಇಟ್ಟುಕೊಂಡರು. ಹಲ್ವಾಕ್ಕೂ ಲಂಚಕ್ಕೂ ಏನು ಸಂಬಂಧ ಎಂದು ಗೊಣಗಿದರು. ಗೊಣಗಿ ಮುಗಿಸಿ ಕೇಳಿದರು, “ಹೋಗಲಿ, ಬಾಗಿಲು ಹೆಂಗಿದೆ?”

ಸಹರ್ ಬೂಟಿನ ತುದಿಯಿಂದ ಹಿಮ ಒದ್ದಳು. ಸಂದಿನ ವಿಷಯ, ತಾನು ಕೇಳದೇ ಬಿಟ್ಟ ವಿಷಯ, ಆಲ್ಬಿನ್‌ನ ಸ್ವಿಮ್ಮಿಂಗ್ ಪೂಲ್, ಎಲ್ಲ ಹೇಳಿದಳು.

“ಹಲ್ವಾ ಮಾಡಿ ಕಳಿಸಿದೋಳು ನಾನು ಬೇಟಾ,” ಎಂದರು ಅಮ್ಮಿ. “ಅದನ್ನ ನಾನು ನೋಡ್ಕೊಳ್ತೀನಿ. ನೀನು ನಿನ್ನ ಬಾಗಿಲು ನೋಡ್ಕೋ.”

ಹಾಗೆಂದವರೇ ಸೀದಾ ಒಳಗೆ ನಡೆದರು. ಡಬ್ಬಿಯನ್ನು ಮೇಜಿನ ನಟ್ಟನಡುವೆ, ಬನ್ನಿನ ತಟ್ಟೆಯ ಪಕ್ಕದಲ್ಲಿ ಇಟ್ಟು, ತಮಗೆ ಬರುವ ಸ್ವೀಡಿಷ್‌ನಲ್ಲಿ ಇದು ಎಲ್ಲರಿಗೂ, ನೀವು ಬೇಡ ಅಂದರೂ ನನಗೆ ಬೇಜಾರಿಲ್ಲ ಎಂದರು. ಗುನಿಲ್ಲಾ ನಕ್ಕು, ನಡುವೆ ಇಟ್ಟಿದ್ದು ಎಲ್ಲರದು, ಆದರೆ ನಾನು ನನ್ನ ಬನ್ನೇ ತಿನ್ನುತ್ತೇನೆ ಎಂದರು. ಬೆಂಗ್ಟ್ ತಾತ ಆಗಲೇ ಒಂದು ತುಂಡು ಬಾಯಿಗೆ ಹಾಕಿಕೊಂಡಾಗಿತ್ತು. ಹಲ್ವಾ ಅವರ ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡು, ಹೊಗಳುವುದಕ್ಕೆ ಬಾಯಿ ಬಿಡಲಾಗದೆ ಹೆಬ್ಬೆರಳು ಎತ್ತಿ ತೋರಿಸಿದರು.

ಎಲ್ಲರೂ ನಗುತ್ತಿರುವಾಗಲೇ ಸಹರ್ ಕೇಳಿಬಿಟ್ಟಳು. ಬಾತ್‌ರೂಮ್ ಬಾಗಿಲು ನೆಲದವರೆಗೂ ಇರುತ್ತೆ ಅಂದಿದ್ರಿ. ಇಲ್ಲ.

ಗುನಿಲ್ಲಾ ಕಪ್ ಕೆಳಗಿಟ್ಟರು. “ಇಲ್ವಾ? ತೋರಿಸು ಬಾ.”

ಕಾರಿಡಾರಿಗೆ ಎಲ್ಲರೂ ಬಂದರು. ಅಷ್ಟು ಸಣ್ಣ ಸಂದಿನಲ್ಲಿ ಏನು ಕಾಣುತ್ತೆ ಎಂದ ಆಲ್ಬಿನ್. ಹಾಗಾದರೆ ನೀನೇ ಒಳಗೆ ಹೋಗು ಎಂದಳು ಸಹರ್. ಅವನು ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಸಹರ್ ಬಗ್ಗಲೂ ಇಲ್ಲ. “ಒಂದು ಸಾಕ್ಸ್ ಕೆಂಪು, ಒಂದು ಹಸಿರು. ಹಸಿರಿನಲ್ಲಿ ಹೆಬ್ಬೆರಳು ಆಚೆ ಬಂದಿದೆ.”

 ಆಲ್ಬಿನ್ ಚಿಲಕ ತೆಗೆದು ಕೆಂಪು ಮುಖ ಮಾಡಿಕೊಂಡು ಹೊರಗೆ ಬಂದ. ಗುನಿಲ್ಲಾರ ಕಡೆ ತಿರುಗಿ, “ಇದನ್ನ ಬದಲಾಯಿಸ್ಲೇಬೇಕು,” ಎಂದ.

“ಪೂರ್ತಿ ಬಾಗಿಲಿಗೆ ಅಂತಲೇ ಊರಿನ ದುಡ್ಡು ಇಟ್ಟಿರೋದು,” ಎಂದರು ಗುನಿಲ್ಲಾ. “ಮೊಟಕು ಬಾಗಿಲು ತಂದಿದಾರೆ, ನಾನೂ ನೋಡಲಿಲ್ಲ. ವಾಪಸ್ ಕಳಿಸ್ತೀನಿ. ಒಳ್ಳೆ ಸಮಯಕ್ಕೆ ಹೇಳಿದೆ, ಸಹರ್.”

  ಅಮ್ಮಿ ಮಗಳ ಹೆಲ್ಮೆಟ್ ಮೇಲೆ ಮೆಲ್ಲಗೆ ಕುಟ್ಟಿದರು.

ಹಿಮ ಕರಗಿ ಶಾಲೆ ತೆರೆಯುವ ಮುಂಚೆ ನಿಗಾ ಗುಂಪು ಇನ್ನೊಮ್ಮೆ ಸೇರಿತು. ಸಹರ್ ಎಲ್ಲರಿಗಿಂತ ಮೊದಲು ಕಾರಿಡಾರಿನ ಕೊನೆಗೆ ನಡೆದಳು. ಹಿಂದೆಯೇ ಆಲ್ಬಿನ್ ಬಂದ. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗಿನಿಂದ ಅವನು ಬಾಗಿಲಿನ ಕೆಳಗೆ ರೂಲರ್ ತೂರಿಸಲು ನೋಡುವುದು ಕೇಳಿಸಿತು.

“ಹೋಗ್ತಾ ಇಲ್ಲ,” ಎಂದ. “ಏನೂ ಕಾಣ್ಸಲ್ಲ. ನಾನು ಕಿಟಕಿ ನೋಡೋಕೆ ಹೋಗ್ತೀನಿ.”

“ಹೋಗು,” ಎಂದಳು ಸಹರ್.

ಅವನ ಹೆಜ್ಜೆಯ ಸದ್ದು ದೂರವಾಯಿತು. ಬಾಗಿಲಿನ ಕೆಳಗೆ ಬೆಳಕಿನ ಗೆರೆ ಕೂಡ ಇರಲಿಲ್ಲ. ಬರುವ ವರ್ಷ ಒಂದನೇ ಕ್ಲಾಸಿನ ಪುಟ್ಟ ಮಕ್ಕಳು ಇಲ್ಲಿಗೆ ಬರುತ್ತಾರೆ. ಇಲ್ಲೊಂದು ಸಂದು ಇತ್ತು ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಯಾರೋ ಕೇಳಿದ್ದರು ಅನ್ನುವುದೂ ಗೊತ್ತಾಗುವುದಿಲ್ಲ. ಪರವಾಗಿಲ್ಲ ಅನ್ನಿಸಿತು ಅವಳಿಗೆ.

ಬ್ಯಾಗಿನಿಂದ ಬಾಟಲ್ ತೆಗೆದಳು. ಅರ್ಧ ನೀರನ್ನು ಗಟಗಟ ಕುಡಿದಳು. ಉಳಿದ ಅರ್ಧವನ್ನು ಪಕ್ಕದಲ್ಲಿಟ್ಟುಕೊಂಡು, ಅವಸರವೇ ಇಲ್ಲದೆ ಕುಳಿತಳು.