ಶೇಖರಮ್ಮನ ಅರವತ್ಮೂರು ವರ್ಷದ ಶಿಷ್ಯ

ಮಸ್ಕಿಯ ಶೇಖರಮ್ಮ ಮೂರನೆಯ ಕ್ಲಾಸಿನಲ್ಲಿದ್ದಾಗ ಅರವತ್ಮೂರು ವರ್ಷದ ಶಿಷ್ಯರೊಬ್ಬರಿಗೆ ಇಡೀ ಕನ್ನಡವನ್ನು ಒಂದೇ ಮಧ್ಯಾಹ್ನ ಕಲಿಸಿಬಿಟ್ಟಳು. ಅವರು ಒಂದು ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ! ಅದನ್ನು ಕಂಡು ಬೆರಗಾದ ಮಸ್ಕಿ ಗುಡ್ಡ ಎರಡು ಗೇಣು ಹಿಂದೆ ಸರಿಯಿತು. ಇನ್ನೂ ವಾಪಸ್ ಬಂದಿಲ್ಲ. ಬೇಕಾದರೆ ಹೋಗಿ ಅಳೆದು ನೋಡಿ.

"ಮುತ್ಯಾ, ಈ ಕಡಿಂದ ಬರಿ! ಎಷ್ಟು ಸಲ ಹೇಳ್ಬೇಕು?" ಶೇಖರಮ್ಮ ಪಾಟಿಯ ಎಡಗಡೆ ಬಳಪದಿಂದ ಕುಟ್ಟಿದಳು.

"ಕೈ ಕೇಳವಲ್ದು ಯವ್ವಾ," ಎಂದರು ಅವಳ ಅಜ್ಜ ಬಸವಂತರಾಯರು. "ಐವತ್ತು ವರ್ಷ ಬಲಗಡಿಂದ ಹೊಂಟ ಕೈ ಇದು. ಎಡಗಡಿಂದ ಹೋಗು ಅಂದ್ರ ಮೊಂಡ ಎತ್ತಿನಂಗ ನಿಂದರ್ತದ."

ಇಬ್ಬರೂ ದನದ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಯಾಕೆಂದರೆ ಇದು ಗುಟ್ಟು.

ನಿಜಾಮರ ಕಾಲದಲ್ಲಿ ಶಾಲೆ, ಕಚೇರಿ ಎಲ್ಲ ಉರ್ದುವಿನಲ್ಲೇ ನಡೆಯುತ್ತಿದ್ದವು. ಉರ್ದು ಬರೆಯುವುದು ಬಲದಿಂದ ಎಡಕ್ಕೆ. ಮುತ್ಯಾ ಉರ್ದುವಿನಲ್ಲಿ ಅರ್ಜಿ ಬರೆದರೆ ಲಿಂಗಸುಗೂರಿನ ಸಾಹೇಬರು ಓದುವ ಮೊದಲೇ ಸಹಿ ಹಾಕುತ್ತಿದ್ದರು! ಆದರೆ ಆ ಕಾಲ ಮುಗಿದು ವರ್ಷದ ಮೇಲಾಗಿತ್ತು. ಅದು 1950ರ ಜನವರಿ. ಈಗ ಶಾಲೆಯಲ್ಲಿ ಕನ್ನಡ. ಹುಟ್ಟಿದಾಗಿನಿಂದ ಕನ್ನಡ ಮಾತಾಡಿದ ಮುತ್ಯಾನಿಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಶೇಖರಮ್ಮನ ಬಾಯಿ ಸುಮ್ಮನಿದ್ದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳ ಕ್ಲಾಸಿನ ಅಲ್ಲಾಭಕ್ಷ್ ಒಂದು ದಿನ, "ನಮ್ಮಪ್ಪ ಹಟ್ಟಿ ಗಣಿಯೊಳಗ ಇಳಿದು ಪಾತಾಳ ನೋಡಿ ಬಂದಾನ" ಎಂದ.

ಶೇಖರಮ್ಮ ಸೋಲುವವಳೇ? "ನಮ್ಮ ಮುತ್ಯಾ ಕನ್ನಡ ಓದಾಕತ್ತಿದ್ರ ಗಡ್ಯಾರದ ಮುಳ್ಳೂ ನಿಂತು ಕೇಳ್ತದ!"

ಹಿಂದೆಯೇ ಕರಿಬಸಯ್ಯ ಮಾಸ್ತರರು ನಿಂತಿದ್ದರು. ಸಂಜೆ ಮನೆಗೇ ಬಂದರು. "ರಾಯರೇ, ಇಪ್ಪತ್ತಾರನೇ ತಾರೀಖು ಝಂಡಾ ಹಾರಸ್ತೀವಿ. ಭಾಷಣ ನೀವೇ ಓದ್ರಿ."

"ಅದಕ್ಕೇನ್ರೀ, ಓದೂಣು!" ಮುತ್ಯಾ ಮೀಸೆ ತಿರುವಿದರು. ಮಾಸ್ತರರು ಹೋದದ್ದೇ ತಡ, ಮೀಸೆ ಜೋತುಬಿತ್ತು.

"ಬೈಬ್ಯಾಡ ಮುತ್ಯಾ."

"ನಿನಗೇನ್ ಬೈಲಿ? ಬರಂಗಿಲ್ಲ ಅನ್ನಾಕ ನನಗೂ ಬಾಯಿ ಬರಲಿಲ್ಲ. ಹೋಗು, ಪಾಟಿ ತಗೊಂಡು ಬಾ."

ಹೀಗೆ ಕೊಟ್ಟಿಗೆಯ ಸ್ಕೂಲ್ ಶುರುವಾಯಿತು. ಮುತ್ಯಾ ಬರೆದ ಮೊದಲ 'ಅ' ಎಷ್ಟು ದೊಡ್ಡದಿತ್ತೆಂದರೆ ಅದರೊಳಗೆ ಕರು ಮಲಗಬಹುದಿತ್ತು! ಬೆಂಕಿಪೆಟ್ಟಿಗೆಯ ಮೇಲಿನ 'ಆನೆ'ಯನ್ನು ತಾವೇ ಓದಿದ ದಿನ ಅವರು ಹಾಕಿದ ಕೂಗಿಗೆ ಕರು ಹಗ್ಗ ಹರಿದುಕೊಂಡು ಓಡಿತು. ಅದರ ಹಿಂದೆ ಮುತ್ಯಾ. ಅವರ ಹಿಂದೆ ಮಾಸ್ತರಬಾಯಿ ಶೇಖರಮ್ಮ.

ಭಾಷಣವನ್ನೂ ಅವರೇ ಬರೆದರು. ನಾಲ್ಕು ಹಾಳೆ ಹೊಲಿದ ಪುಸ್ತಕ ತುಂಬಿಹೋಯಿತು.

ಇಪ್ಪತ್ತಾರರಂದು ಶಾಲೆಯ ಮುಂದೆ ಹತ್ತು ಸಾವಿರ ಜನ! ಮುತ್ಯಾ ಹೊಸ ರುಮಾಲು ಸುತ್ತಿಕೊಂಡು ಎದ್ದು ನಿಂತರು. ಕೆಮ್ಮಿದರು. ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು:

"ಇಷ್ಟು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ. ಜೈ ಹಿಂದ್!"

ಐವತ್ತು ವರ್ಷದ ಕೈ ಉರ್ದು ಪುಸ್ತಕದಂತೆ ಕೊನೆಯ ಪುಟವನ್ನೇ ಮೊದಲು ತೆರೆದಿತ್ತು.

"ಮುಗೀತು!" ಹುಡುಗರು ಭಾಷಣದ ನಂತರ ಹಂಚಲು ಇಟ್ಟಿದ್ದ ಬತ್ತಾಸಿನ ಬುಟ್ಟಿಗೆ ಮುತ್ತಿದರು.

"ಗಡ್ಯಾರಕ್ಕ ನಿಂತು ಕೇಳಾಕೂ ಟೈಮ್ ಸಿಗಲಿಲ್ಲಲ್ಲ ಬೇ ಶೇಖಿ!" ಅಲ್ಲಾಭಕ್ಷ್ ಬಿದ್ದು ಬಿದ್ದು ನಕ್ಕ.

ಶೇಖರಮ್ಮನ ಕಿವಿ ಬಿಸಿಯಾಯಿತು. ಅಜ್ಜನ ಬಳಿ ಓಡಿ ಪಿಸುಗುಟ್ಟಿದಳು. "ಮುತ್ಯಾ, ಕಣ್ಣು ಮಂಜಾಗ್ಯಾವ ಅನ್ನು!"

ಮುತ್ಯಾ ಅವಳನ್ನು ನೋಡಿದರು. ಪುಸ್ತಕ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

"ಕಣ್ಣು ಚಲೋ ಅದಾವ," ಎಂದರು ಎಲ್ಲರಿಗೂ ಕೇಳುವಂತೆ. "ಪುಸ್ತಕ ಉಲ್ಟಾ ಕಡಿಂದ ತೆರದೀನಿ. ನಾ ಕನ್ನಡ ಓದಾಕ ಕಲ್ತು ಹದಿನೆಂಟು ದಿನ ಆತ್ರಿ. ಈ ನನ್ನ ಮೊಮ್ಮಗಳು ಕಲಿಸ್ಯಾಳ. ಕುಂದರ್ರಿ, ಫಸ್ಟಿಂದ ಓದ್ತೀನಿ."

ಓದಿದರು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ತಡವರಿಸಿ, ಮತ್ತೆ ಹಿಡಿದು. ಝಂಡಾದ ನೆರಳು ಅಂಗಳದಿಂದ ಕಟ್ಟೆಗೆ ಬಂತು. ಯಾರೂ ಏಳಲಿಲ್ಲ.

ಮುಗಿದ ಮೇಲೆ ಒಬ್ಬ ಮುದುಕರು ಕೋಲೂರಿಕೊಂಡು ಬಂದರು. ಅಲ್ಲಾಭಕ್ಷನ ಅಜ್ಜ ಜಿಲಾನಿಸಾಬ್. ಅವರೂ ಉರ್ದು ಮಾತ್ರ ಓದಿದವರು. ಶೇಖರಮ್ಮನ ಮುಂದೆ ಬಾಗಿ ಕೇಳಿದರು.

"ಮಾಸ್ತರಬಾಯಿ, ನಿಮ್ಮ ಕ್ಲಾಸಿನೊಳಗ ನನಗೊಂದು ಜಾಗ ಅದ ಏನ್ರಿ?"

ಅಲ್ಲಾಭಕ್ಷನ ಬಾಯಲ್ಲಿದ್ದ ಬತ್ತಾಸು ಅಲ್ಲೇ ನಿಂತಿತು.

ಮರುದಿನ ಕೊಟ್ಟಿಗೆಯಲ್ಲಿ ಇಬ್ಬರು ಶಿಷ್ಯರು. ಬಾಗಿಲು ತೆರೆದೇ ಇತ್ತು.

"ಇದೇನ್ ಅಕ್ಷರ ಯವ್ವಾ?" ಮುತ್ಯಾ ಪುಸ್ತಕದಲ್ಲಿ 'ಞ'ದ ಮೇಲೆ ಬೆರಳಿಟ್ಟರು.

ಶೇಖರಮ್ಮ ಎಂದಿನಂತೆ ಏನೋ ಒಂದು ಹೇಳಿಬಿಡಲು ಬಾಯಿ ತೆರೆದಳು. ಮುತ್ಯಾನ ಬೆರಳು ನೋಡಿದಳು. ಅದು ಕಾಯುತ್ತಿತ್ತು.

"ನನಗೊತ್ತಿಲ್ಲ ಮುತ್ಯಾ. ಮಾಸ್ತರನ್ನ ಕೇಳ್ಕೊಂಡು ಬರ್ತೀನಿ."

ಆಕಾಶ ಕಳಚಿ ಬೀಳಲಿಲ್ಲ. ಕರು ಕೂಡ ತಲೆಯೆತ್ತಲಿಲ್ಲ.

ನೀವು ಆಗಲೇ ಹಿಡಿದಿರಬೇಕು, ಒಂದೇ ಮಧ್ಯಾಹ್ನ ಅಂದವಳು ಹದಿನೆಂಟು ದಿನ ಅಂದದ್ದು ಹೇಗೆ ಅಂತ. ಏನು ಮಾಡಲಿ? ಮುತ್ಯಾನ ಬಾಯಲ್ಲಿ ಸುಳ್ಳು ಹಾಕಲು ನನಗೆ ಇವತ್ತಿಗೂ ಆಗುವುದಿಲ್ಲ. ಗುಡ್ಡ ಇದ್ದಲ್ಲೇ ಇದೆ. ಹತ್ತು ಸಾವಿರ ಜನ ಅಂದೆನಲ್ಲ, ಅರವತ್ತು ಇದ್ದರು. ಆಡುಗಳನ್ನು ಸೇರಿಸಿದರೆ ಎಪ್ಪತ್ತು.

ಮತ್ತೆ ಆ ಶೇಖಿ... ಹೌದು, ನಾನೇ.