ಹಾವಿನ ಮೈಮೇಲಿದ್ದ ಊರು

ಆ ಹಾವಿನ ಬಾಲ ಹಿಡಿದು ಗಿರಗಿರನೆ ತಿರುಗಿಸಿ ಏಳು ಬೆಟ್ಟದಾಚೆ ಎಸೆದವನು ನಾನೇ! ಸುಳ್ಳು. ಹಲ್ಲಿ ಕಂಡರೂ ಮಂಚ ಹತ್ತುವ ಪೈಕಿ ನಾನು. ಆದರೆ ಹಾವಿದ್ದದ್ದು ನಿಜ, ಅದರ ಮೈಮೇಲೆ ಇಡೀ ಒಂದು ಊರಿದ್ದದ್ದೂ ನಿಜ. ಕೇಳಿ.

ಬಹಳ ಬಹಳ ಹಿಂದೆ, ಮೋಡಗಳು ಮನೆಯ ಮಾಡಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಕೊಂಬುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಡಂಗುರ ಸಾರುವ ಕೆಲಸ ಸಂಕಣ್ಣ ಎಂಬ ತರುಣನದು. ಅರಮನೆಯ ಆಜ್ಞೆಯ ಒಂದು ಸಾಲು ಓದುವುದು, ಕೂಗುವುದು, ತಮಟೆಗೆ ಒಂದು ಪೆಟ್ಟು ಹಾಕುವುದು, ಆ ಸಾಲನ್ನು ಅಲ್ಲೇ ಮರೆತು ಮುಂದಿನದಕ್ಕೆ ಹೋಗುವುದು. ಸಾಲಿನ ಕೆಳಗೆ ಖಾಲಿ ಜಾಗ ಕಂಡಿತೋ, ಎರಡು ಪೆಟ್ಟು ಹಾಕಿ “ಡಂಗುರ ಮುಗೀತು” ಎಂದು ಊಟಕ್ಕೆ ಹೋಗುವುದು. ತಂದೆ ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅಕ್ಕ ದೇವೀರಮ್ಮ. ಅವನಿಗೆ ಲೋಕವೆಂದರೆ ಅವಳೇ.

ಒಂದು ದಿನ ಅವನು ಗಡಿಯ ಹಳ್ಳಿಗಳಲ್ಲಿ ಸಾರಿ ಮರಳಿದಾಗ ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಲೆಯ ಮೇಲೆ ಅಂಬಲಿ ಕುದಿಯುತ್ತಿತ್ತು, ತಿರುವುವ ಅಕ್ಕ ಇಲ್ಲ. ಪಕ್ಕದ ಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು, ಒಳಗೆ ಕೂಸಿಲ್ಲ. ಅರಮನೆಯ ಗಿಳಿಯೊಂದೇ ಹೆಬ್ಬಾಗಿಲ ಮೇಲೆ ಕೂತು ನಡುಗುತ್ತಿತ್ತು.

“ಸಂಕಣ್ಣಾ, ಮಾಟಗಾರ ಹೊಗೆಮಲ್ಲ ಊರವರನ್ನೆಲ್ಲ ಅಕ್ಷರ ಮಾಡಿ ತನ್ನ ಹೆಬ್ಬಾವಿನ ಮೈಮೇಲೆ ಬರೆದುಬಿಟ್ಟ,” ಅಂತು ಗಿಳಿ. “ಒಂದು ಸಾಲಿಗೆ ಒಬ್ಬರು. ಆ ಹಾವು ಬೂದುಗುಡ್ಡದಲ್ಲಿ ಒಂದು ಬಿಲದಿಂದ ಹೊರಬಂದು ಎದುರಿನ ಬಿಲಕ್ಕೆ ಇಳಿಯುತ್ತೆ. ಗಟ್ಟಿಯಾಗಿ ಓದಿದ ಸಾಲಿನವರು ಬದುಕಿದರು. ಓದದೆ ದಾಟಿದವರು ಪಾತಾಳಕ್ಕೆ. ಹಾವು ಹಿಂದೆ ತಿರುಗೋದಿಲ್ಲ.”

“ಬಿಡಿಸೋಕೆ ಯಾರೂ ಹೋಗಲಿಲ್ವಾ?”

“ಬೇಟೆಯಿಂದ ಬಂದ ಯುವರಾಜರು ಹೋದರು. ಅಲ್ಲೇ ಇದ್ದಾರೆ, ಹೋದರೆ ಕಾಣ್ತಾರೆ.”

ಕಂಡರು. ಬಿಲದ ಬಾಯಲ್ಲಿ ಯುವರಾಜ ರಣಧವಳ ಬಾಯಿ ತೆರೆದ ಕಲ್ಲಾಗಿ ನಿಂತಿದ್ದ. ಪಕ್ಕದ ಬಂಡೆಯ ಮೇಲೆ ಹೊಗೆಮಲ್ಲ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಅವನ ಮೂಗು, ಕಿವಿ, ಮೀಸೆಯ ತುದಿಯಿಂದಲೂ ಹೊಗೆ.

“ಬಾರೋ ತಮಟೆ! ಯಾರು ಬೇಕು ನಿನಗೆ?”

“ನಮ್ಮಕ್ಕ.”

“ಅಷ್ಟಕ್ಕೆ ಇಡೀ ದಿನ ಸಾಲು ಸಾಲು ಓದ್ತಾ ನಿಲ್ತೀಯಾ? ಹೂಂ ಅನ್ನು ಸಾಕು. ಇಡೀ ಊರನ್ನ ಒಂದೇ ಸಲಕ್ಕೆ ನಿನ್ನ ತಲೆಗೆ ತುಂಬಿಸ್ತೀನಿ. ಅಕ್ಕ ಎಲ್ಲಿದ್ದಾಳೆ ಅಂತ ಹುಡುಕಿ ತಗೊಂಡು ಹೋಗು.”

ಸಂಕಣ್ಣನ ನಾಲಿಗೆಯ ತುದಿಗೆ ‘ಹೂಂ’ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಯುವರಾಜನ ಹಣೆ ಕಣ್ಣಿಗೆ ಬಿತ್ತು. ಕುಂಬಳಕಾಯಿಯಂತೆ ಊದಿ, ಬಿರಿದು, ಬಿರುಕಿನೊಳಗೆ ಅಕ್ಷರಗಳು ಇರುವೆಗಳ ಹಾಗೆ ಗಿಜಿಗುಡುತ್ತಿದ್ದವು. ‘ಹೂಂ’ ಅಂದವನ ಗತಿ ಅದು.

“ಬೇಡ ಸ್ವಾಮಿ,” ಅಂದ. “ನನ್ನ ತಲೆ ಚಿಕ್ಕದು. ಒಂದೊಂದೇ ಬರಲಿ.”

ಹೊಗೆಮಲ್ಲ ಹಲ್ಲು ಕಡಿದು ಶಿಳ್ಳೆ ಹಾಕಿದ. ಹಾವು ಹೊರಬಂತು. ಒಂದು ಸಾಲು, ಅದು ಮುಗಿದಲ್ಲಿ ಒಂದು ಕೆಂಪು ಪಟ್ಟೆ. ಮತ್ತೊಂದು ಸಾಲು, ಮತ್ತೊಂದು ಪಟ್ಟೆ. ಪಟ್ಟೆ ಕಂಡೊಡನೆ ಸಂಕಣ್ಣ ಕೂಗಿದ: “ಗಾಣದ ತಿಮ್ಮರಸ, ಹೆಂಡತಿಗೆ ಹೆದರುವವ!” ತಮಟೆ ಢಣ್ ಅಂತು. ತಿಮ್ಮರಸ ಧೊಪ್ಪೆಂದು ನೆಲಕ್ಕೆ ಬಿದ್ದ. “ಯಾವನೋ ಹಂಗೆ ಬರೆದೋನು?” ಎಂದು ಎದ್ದ. “ಕುಂಬಾರರ ನಾಗಿ, ಹಾಡಿದರೆ ಹಸು ಹಾಲಿಳಿಸುತ್ತದೆ!” ಢಣ್. ನಾಗಿ ಬಂದಳು. ಕೂಸು ಬಂತು, ರಾಜ ಬಂದ, ರಾಜನ ಕ್ಷೌರಿಕ ಅರ್ಧ ಬೋಳಿಸಿದ ಗಡ್ಡವನ್ನು ನೆನೆಯುತ್ತ ಬಂದ.

“ಎಷ್ಟು ಜನರನ್ನು ಓದಿದೆಯೋ? ನಿನ್ನಕ್ಕನ ಸಾಲು ಆಗಲೇ ದಾಟಿಹೋಯಿತೇನೋ, ನೆನಪು ಮಾಡ್ಕೋ!” ಎಂದ ಹೊಗೆಮಲ್ಲ.

ಸಂಕಣ್ಣನಿಗೆ ಅನುಮಾನ ಹುಟ್ಟಿತು. ಹೋದಳೇ? ಓದಿದ ಸಾಲುಗಳನ್ನು ತಲೆಯಲ್ಲಿ ಹಿಂದಕ್ಕೆ ಎಳೆಯತೊಡಗಿದ. ತಿಮ್ಮರಸ, ನಾಗಿ, ಕೂಸು... ಕಿವಿ ಬಿಸಿಯಾಯಿತು, ಕುತ್ತಿಗೆ ಭಾರವಾಯಿತು, ಎಡಗೈಯ ಕಿರುಬೆರಳು ಕಟಕ್ಕೆಂದು ಕಲ್ಲಾಯಿತು. ಬೆಚ್ಚಿ ತಲೆ ಕೊಡವಿದ. ಕೂಗಿದ ಮೇಲೆ ಅದು ನನ್ನದಲ್ಲ, ಬಿಡು! ಬಿಟ್ಟ. ಬೆರಳು ಮತ್ತೆ ಬೆರಳಾಯಿತು. ಕಣ್ಣನ್ನು ಮುಂದಿನ ಸಾಲಿಗೆ ನೆಟ್ಟ.

ಹಾವು ಸರಿಯುತ್ತಲೇ ಇತ್ತು. ಹೊತ್ತು ಇಳಿಯಿತು. ಗಂಟಲು ಹರಿದು ಹೋಗುವಂತಾಯಿತು. ಒಂದು ಪಟ್ಟೆಯ ನಂತರ ಬರೀ ಚರ್ಮ ಬಂತು. ಒಂದು ಅಕ್ಷರವೂ ಇಲ್ಲ.

ಖಾಲಿ.

“ಮುಗೀತಪ್ಪಾ!” ಎಂದ ಹೊಗೆಮಲ್ಲ, ಬೆಣ್ಣೆಯಂಥ ದನಿಯಲ್ಲಿ. “ಎರಡು ಪೆಟ್ಟು ಹಾಕು, ಮನೆಗೆ ಹೋಗು.”

ಅಭ್ಯಾಸದ ಕೈ ಎಲ್ಲಿ ಕೇಳುತ್ತೆ? ಒಂದು ಪೆಟ್ಟು ಬಿದ್ದೇಬಿಟ್ಟಿತು. ಎರಡನೆಯದಕ್ಕೆ ಕೋಲು ಮೇಲೆದ್ದಿತು. ಹಾವು ತಲೆಯಿಂದ ಬಾಲದವರೆಗೆ ಜುಮ್ಮೆಂದು ಬಿಗಿಯಿತು, ಒಂದೇ ಏಟಿಗೆ ಬಿಲಕ್ಕೆ ನುಗ್ಗಲು ಸಿದ್ಧವಾಯಿತು. ಅಕ್ಕ ಇನ್ನೂ ಬಂದಿಲ್ಲವಲ್ಲ, ಎಂದುಕೊಂಡ ಸಂಕಣ್ಣ ಕೋಲನ್ನು ತಲೆಯ ಮೇಲೆಯೇ ತಡೆದು, ಬಗ್ಗಿ ನೋಡಿದ. ಆ ಖಾಲಿ ಚರ್ಮದ ಆಚೆ, ಹಾವು ಹೊರಬರುತ್ತಿದ್ದ ಬಿಲದ ಕತ್ತಲೆಯೊಳಗೆ, ಕೆಂಪು ಪಟ್ಟೆಯೊಂದು ಮಿನುಗಿತು.

“ಖಾಲಿಯಾದರೂ ಸಾಲೇ ಕಣೋ ಇದು! ಮುಂದೆ ಬಾ!” ಎಂದು ಹಾವಿಗೇ ಗದರಿಸಿದ. ಆ ಸಾಲಿನಿಂದ ಯಾರೂ ಇಳಿಯಲಿಲ್ಲ, ಒಂದು ಹಿಡಿ ಗಾಳಿ ಬಂತು ಅಷ್ಟೆ. ಅದರ ಹಿಂದೆಯೇ ಮಡಿವಾಳರ ಓಣಿ ಪೂರ್ತಿ ಬಂತು.

ಈಗ ಹಾವು ತೆಳ್ಳಗಾಯಿತು. ಬಾಲ ಬಂತು. ಬಾಲದ ಮೇಲೆ ಸಣ್ಣ ಅಕ್ಷರಗಳ ಒಂದೇ ಸಾಲು ಉಳಿದಿತ್ತು. ಸಂಕಣ್ಣ ಕೋಲೆತ್ತಿ ಪಟ್ಟೆಗಾಗಿ ಕಾದ. ಬರಲಿಲ್ಲ. ಬಾಲ ಅರ್ಧ ಎದುರಿನ ಬಿಲಕ್ಕಿಳಿಯಿತು. ಪಟ್ಟೆ ಬರಲಿಲ್ಲ.

“ಪಟ್ಟೆ ಇಲ್ಲದ್ದು ಸಾಲೇ ಅಲ್ಲ, ಬಿಡೋ!” ಹೊಗೆಮಲ್ಲ ಬಂಡೆಯಿಂದ ಎದ್ದು ನಿಂತಿದ್ದ. ಅವನ ದನಿ ಮೊದಲ ಸಲ ನಡುಗಿತು.

ಆ ನಡುಕವನ್ನು ಸಂಕಣ್ಣ ಕೇಳಿಸಿಕೊಂಡ. ಪಟ್ಟೆ ಬರುವುದಿಲ್ಲ. ಕೊನೆಯ ಸಾಲಿನ ಆಚೆ ಏನೂ ಇಲ್ಲ, ಮತ್ತೆ ಪಟ್ಟೆ ಎಲ್ಲಿಂದ ಬರಬೇಕು! ನೆಲಕ್ಕೆ ಬಿದ್ದು, ಬಿಲದಂಚಿಗೆ ಕೆನ್ನೆ ಒತ್ತಿ, ಉಳಿದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದ: “ದೇವೀರಮ್ಮ, ತಮ್ಮನ ಪಾಲಿನ ತಾಯಿ!”

ಢಣ್!

ಅಕ್ಕ ಅವನ ಬೆನ್ನಮೇಲೇ ಬಿದ್ದಳು. “ಅಯ್ಯಯ್ಯೋ!” ಎಂದು ಕಿರುಚಿದ ಹೊಗೆಮಲ್ಲ, ಮೈಮೇಲಿನ ಸಾಲೆಲ್ಲ ಬರಿದಾದ ಹಾವನ್ನು ತಡೆಯಲು ಹಾರಿ ಬಾಲ ಹಿಡಿದುಕೊಂಡ. ಹಾವು ಹಿಂದೆ ತಿರುಗಲಿಲ್ಲ. ಹೊಗೆಮಲ್ಲ ಬಾಲದ ಜೊತೆಗೇ ಸರ್‍ರನೆ ಬಿಲದೊಳಗೆ ಹೋದ.

“ಅಕ್ಕಾ!” ಎಂದು ಸಂಕಣ್ಣ ತಬ್ಬಿಕೊಳ್ಳಲು ಹೋದ.

“ಆಮೇಲೆ ಅಳೋಣ, ಮೊದಲು ಬಿಲ ಮುಚ್ಚೋ ದಡ್ಡಾ! ತೆರೆದಿಟ್ಟರೆ ಅವನು ಎದ್ದು ಬರಲ್ವಾ?”

ರಾಜ, ಕ್ಷೌರಿಕ, ನಾಗಿ, ತಿಮ್ಮರಸ ಎಲ್ಲ ಸೇರಿ ಬಂಡೆ ಉರುಳಿಸಿ ಎರಡೂ ಬಿಲದ ಬಾಯಿ ಮುಚ್ಚಿದರು. ಸಂದಿಯಿಂದ ಸ್ವಲ್ಪ ಹೊಗೆ ಬಂತು, ಕೆಮ್ಮಿತು, ಆರಿತು. ಮಾಟ ಮುರಿಯಿತು. ಯುವರಾಜನ ಹಣೆ ಇಳಿದು ಮನುಷ್ಯನ ಹಣೆಯಾಯಿತು, ಕಲ್ಲಿಗೆ ಜೀವ ಬಂತು. ಆಗ ಅಕ್ಕ ತಮ್ಮ ಇಬ್ಬರೂ ಕೂತು ಮನಸಾರೆ ಅತ್ತರು.

ಮುಂದೆ ಕೊಂಬುಗಿರಿಯ ಜನ ಉಂಡುಟ್ಟು, ಜಗಳವಾಡಿ, ರಾಜಿಯಾಗಿ ನೂರು ಕಾಲ ಸುಖವಾಗಿದ್ದರು. ನಾನೂ ಆ ಬಂಡೆಗೆ ಒಂದು ಕೈ ಕೊಟ್ಟಿದ್ದೆ. ಸುಳ್ಳು, ಬಿಡಿ. ಆದರೆ ಇಷ್ಟು ಕೂಗಿ ಗಂಟಲು ಒಣಗಿರುವುದು ನಿಜ, ಜೇಬು ಒಣಗಿರುವುದು ಇನ್ನೂ ನಿಜ. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡ್ತೀರಲ್ಲ ಸ್ವಾಮಿ?