ನಲವತ್ತೆರಡು ಅಡಿ ದಾರಿ

"ಇವತ್ತ ನಾ ಬೆನ್ನ ಮ್ಯಾಲೆ ಕುಂಡ್ರಾಂಗಿಲ್ಲ ಅಣ್ಣಾ. ನೀ ಹೋಗು," ಎಂದು ಸುಜಾತಾ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಗುರುಪಾದ ಎಂದಿನಂತೆ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬೆನ್ನು ಕೊಟ್ಟಿದ್ದ. ಅವನ ಮುಂದೆ ಏಳು ಮೆಟ್ಟಿಲು, ಮೆಟ್ಟಿಲ ಕೆಳಗೆ ಕಂಬಕ್ಕೆ ಸರಪಳಿ ಬಿಗಿದು ನಿಲ್ಲಿಸಿದ ತಂಗಿಯ ಗಾಲಿಕುರ್ಚಿ. ದಿನಾ ಬೆಳಿಗ್ಗೆ ಅವಳನ್ನು ಹೊತ್ತು ಇಳಿಸಿ ಆ ಕುರ್ಚಿಯಲ್ಲಿ ಕೂರಿಸುವುದು, ಸಂಜೆ ತನ್ನ ಕೆಲಸ ಮುಗಿಸಿ ಬಂದು ಹೊತ್ತು ಏರಿಸುವುದು... ಐದು ವರ್ಷದಿಂದ ಒಂದು ದಿನವೂ ತಪ್ಪದ ಕೆಲಸ. ಮೂವತ್ತೊಂದು ವರ್ಷದ ತಂಗಿಯನ್ನು ಕೂಸಿನ ಹಾಗೆ ಹೊರುವ ಅಣ್ಣ ಎಂದು ಇಡೀ ಓಣಿ ಅವನನ್ನು ಕೊಂಡಾಡುತ್ತಿತ್ತು. ಹೊರಿಸಿಕೊಂಡವಳಿಗೆ ಏನನಿಸುತ್ತದೆ ಎಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಕೂಸನ್ನು ಯಾರು ಕೇಳುತ್ತಾರೆ?

ಸುಜಾತಾಳ ಕಾಲುಗಳು ಎರಡನೆಯ ವರ್ಷಕ್ಕೇ ಪೋಲಿಯೋಕ್ಕೆ ಹೋಗಿದ್ದವು. ಓದಿ, ಪರೀಕ್ಷೆ ಕಟ್ಟಿ, ಗೋಕಾಕದಲ್ಲೇ ಮನೆಯಿಂದ ಅರ್ಧ ಕಿಲೋಮೀಟರ್ ದೂರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದಳು. ಕಚೇರಿಯ ಬಾಗಿಲಿಗೆ ಮೊದಲು ಇಳಿಜಾರು ಇರಲಿಲ್ಲ. ಮೂರು ಅರ್ಜಿ ಬರೆದು ಹಾಕಿಸಿಕೊಂಡಳು. ಎದುರಿನ ಬ್ಯಾಂಕಿಗೆ ಎರಡೇ ಅರ್ಜಿ ಸಾಕಾದವು. ಊರನ್ನು ಹೀಗೆ ಒಂದೊಂದು ಬಾಗಿಲಾಗಿ ತೆರೆಸುತ್ತ ಹೋದ ಹುಡುಗಿಗೆ ತನ್ನ ಸ್ವಂತ ಮನೆಯೊಳಗೆ ಹೋಗಲು ಮಾತ್ರ ಅಣ್ಣನ ಬೆನ್ನು ಬೇಕಿತ್ತು.

ಆ ಮೆಟ್ಟಿಲುಗಳ ಕಥೆಯನ್ನೂ ಹೇಳಬೇಕು. ಎರಡು ಸಾವಿರದ ಹತ್ತೊಂಬತ್ತರಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದಾಗ ಕೆಳಗಿನ ಓಣಿಗಳ ಮನೆಗಳೆಲ್ಲ ಕುಸಿದವು. ನೀರು ಇಳಿದ ಮೇಲೆ ಗೋಡೆಯ ಮೇಲಿನ ಕೆಸರಿನ ಗೆರೆ ನೋಡಿ ಜನ ಒಂದೇ ಪಾಠ ಕಲಿತರು: ಅಡಿಪಾಯ ಎತ್ತರಿಸಬೇಕು. ಒಬ್ಬರು ನಾಲ್ಕು ಮೆಟ್ಟಿಲು ಇಟ್ಟರೆ ಬಾಜೂ ಮನೆಯವರು ಐದು, ಅವರದು ನೋಡಿ ಆಚೆಯವರು ಆರು. ಗುರುಪಾದ ಮನೆ ಕಟ್ಟುವ ಗೌಂಡಿ. ಆ ಎರಡು ವರ್ಷ ಅವನಿಗೆ ಊಟ ಮಾಡಲು ಬಿಡುವಿರಲಿಲ್ಲ. ತನ್ನ ಮನೆಗೆ ಏಳು ಮೆಟ್ಟಿಲು ಇಟ್ಟು, ಅದಕ್ಕೆ ಕನ್ನಡಿಯಂತೆ ಹೊಳೆಯುವ ಕರಿಯ ಗ್ರಾನೈಟ್ ಹಾಸಿದ. ಮಗ್ಗುಲಿಗೆ ಅದೇ ಕಲ್ಲಿನ ಕಟ್ಟೆ. ಮನೆ ಕಟ್ಟಿಸುವವರನ್ನು ಹುಕ್ಕೇರಿ, ಮೂಡಲಗಿಯಿಂದ ಕರೆತಂದು ಮೊದಲು ಇದನ್ನೇ ತೋರಿಸುತ್ತಿದ್ದ. ನೀರು ಒಳಗೆ ಬರದ ಹಾಗೆ ಕಟ್ಟಿದ್ದ ನಿಜ, ತಂಗಿ ಹೊರಗೆ ಹೋಗದ ಹಾಗೆಯೂ ಕಟ್ಟಿಬಿಟ್ಟಿದ್ದ. ಅದು ಅವನ ತಲೆಗೇ ಹೊಳೆದಿರಲಿಲ್ಲ.

ಹಿಂದಿನ ದಿನ ಊಟಕ್ಕೆ ಕುಳಿತಾಗ ಅವನ ಹೆಂಡತಿ ದಾಕ್ಷಾಯಿಣಿ, ಮೆಟ್ಟಿಲು ತೆಗೆದು ಇಳಿಜಾರು ಮಾಡಿದರೆ ಸುಜಾತಾ ತಾನೇ ಬಂದು ಹೋಗುತ್ತಾಳೆ ಎಂದಿದ್ದಳು. ಅಷ್ಟು ಸಾಕಾಯಿತು. ಅತ್ತೆ ಶಿವಗಂಗವ್ವ ತಟ್ಟೆ ಸರಿಸಿದಳು.

"ತಂಗೀನ್ನ ಹೊರೂದು ಭಾರ ಆಗೇತಿ ಅಂತ ಅವ ಅಂದಿಲ್ಲ, ನೀ ಅಂತಿ. ಬೆನ್ನು ಅವಂದು, ನೋವು ನಿನಗೇನು?"

ಗುರುಪಾದನಿಗೂ ಅವಮಾನವಾಗಿತ್ತು. ಬಾಗಿಲಿಗೆ ಇಳಿಜಾರು ಮಾಡಿದರೆ ಓಣಿಯವರು ಏನೆಂದಾರು? ಅಣ್ಣ ಬೇಸತ್ತ, ತಂಗಿಯ ಕೈಗೆ ಗಾಲಿ ಕೊಟ್ಟು ಕೈ ತೊಳೆದುಕೊಂಡ ಎನ್ನುವುದಿಲ್ಲವೇ? "ನಾವೇನ ಸತ್ತೇವೇನು?" ಎಂದು ಅವನೂ ಗುಡುಗಿದ್ದ. ಅದಕ್ಕೇ ಈ ಬೆಳಿಗ್ಗೆ ಸುಜಾತಾ ಚೌಕಟ್ಟು ಹಿಡಿದು ಕುಳಿತಿದ್ದು. ಅಂದು ಅವಳು ಕಚೇರಿಗೆ ರಜೆ ಹಾಕಿದಳು. ಮರುದಿನವೂ ಹಾಕಿದಳು. ಮೂರನೆಯ ದಿನ ಗುರುಪಾದ ಸೋತು, ಮಾಡಿಕೊಡುತ್ತೇನೆ ಎಂದ. ಮಾಡಿ ಮುಗಿಯುವವರೆಗೆ ಎಂದು ಅವಳು ಮತ್ತೆ ಅವನ ಬೆನ್ನೇರಿದಳು.

ಭಾನುವಾರ ತನ್ನ ಜೊತೆಗಾರ ಬೀರಸಿದ್ದಪ್ಪನನ್ನು ಕರೆದುಕೊಂಡು ಒಂದೇ ದಿನದಲ್ಲಿ ಇಳಿಜಾರು ಕಟ್ಟಿದ. ಕಟ್ಟೆಗೂ ಮೆಟ್ಟಿಲಿಗೂ ಧಕ್ಕೆಯಾಗದಂತೆ ಮೂಲೆಯಲ್ಲಿ ಒಂಬತ್ತು ಅಡಿ ಉದ್ದ, ಮೇಲೆ ನುಣ್ಣನೆಯ ಟೈಲ್ಸ್. ಗೋಕಾಕದ ಎತ್ತರದ ಮನೆಗಳಿಗೆಲ್ಲ ಮೋಟಾರ್ ಸೈಕಲ್ ಹತ್ತಿಸಲು ಹೀಗೇ ಕಟ್ಟುವುದು. ಅವನೇ ನೂರು ಕಟ್ಟಿದ್ದ.

ಹಸಿ ಸಿಮೆಂಟಿಗೆ ನಾಲ್ಕು ದಿನ ನೀರುಣಿಸಿ, ಐದನೆಯ ದಿನ ಸುಜಾತಾ ಕುರ್ಚಿ ತಂದು ಏರಲು ಹೋದಳು. ಎರಡು ಅಡಿ ಏರುವಷ್ಟರಲ್ಲಿ ಮುಂದಿನ ಗಾಲಿಗಳು ಮೇಲೆದ್ದವು, ಕುರ್ಚಿ ಹಿಂದಕ್ಕೆ ವಾಲಿತು! ಗುರುಪಾದ ಓಡಿಬಂದು ಹಿಡಿಯದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತು. ಕೊನೆಗೆ ಅವನೂ ಬೀರಸಿದ್ದಪ್ಪನೂ ಸೇರಿ ಅವಳನ್ನು ಚೀಲ ದೂಡಿದ ಹಾಗೆ ದೂಡಿ ಮೇಲೆ ತಂದರು. ಕಟ್ಟೆಯ ಮೇಲಿದ್ದ ಶಿವಗಂಗವ್ವ ಗೆದ್ದವಳಂತೆ ಸೊಸೆಯ ಕಡೆ ನೋಡಿದಳು.

"ಮಾಡೂದು ಮಾಡೀನಿ. ಆಗಲಿಲ್ಲ. ಇನ್ನ ಈ ಮಾತು ಬಿಡ್ರಿ," ಎಂದ ಗುರುಪಾದ. ಅವನ ದನಿಯಲ್ಲಿ ಒಳಗೊಳಗೇ ಸಮಾಧಾನವಿತ್ತು.

ಸುಜಾತಾ ಕುರ್ಚಿಯನ್ನು ಅಣ್ಣನ ಕಡೆ ತಿರುಗಿಸಿದಳು.

"ಇದನ್ನ ನೀ ಬೈಕಿಗೆ ಮಾಡೀದಿ ಅಣ್ಣಾ, ನನಗಲ್ಲ. ಅದಕ್ಕ ಎಂಜಿನ್ ಐತಿ, ನನಗ ಇರೂದು ಎರಡು ಕೈ. ಅಡಿಗಿ ಕಟ್ಟಿ ಕಟ್ಟೂವಾಗ ಆ ಮನೀ ಹೆಣ್ಣಮಗಳನ್ನ ಮುಂದ ನಿಲ್ಲಿಸಿ, ಆಕಿ ಮೊಣಕೈ ನೋಡಿ ಎತ್ತರ ಗುರುತು ಮಾಡತೀ. ನನ್ನ ಒಂದು ಮಾತರ ಕೇಳಿದ್ಯಾ?"

ಕೇಳಿರಲಿಲ್ಲ ಎನ್ನುವುದು ಗುರುಪಾದನಿಗೂ ಗೊತ್ತಿತ್ತು.

ಅವಳೇ ಲೆಕ್ಕ ಹೇಳಿದಳು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ಏಳು ಮೆಟ್ಟಿಲೆಂದರೆ ಮೂರೂವರೆ ಅಡಿ ಎತ್ತರ. ಅಂದರೆ ನಲವತ್ತೆರಡು ಅಡಿ. ಮನೆಯ ಮುಂದೆ ಅಷ್ಟು ಉದ್ದ ಇಲ್ಲ. ಆದ್ದರಿಂದ ಅದು ಅಂಗಳದ ಆ ಅಂಚಿಗೆ ಹೋಗಿ, ತಿರುಗಿ, ಬಾಗಿಲಿಗೆ ಬರಬೇಕು. ಹಾಗೆ ಬರಬೇಕಾದರೆ ಗ್ರಾನೈಟ್ ಮೆಟ್ಟಿಲೂ ಹೋಗಬೇಕು, ಕಟ್ಟೆಯೂ ಹೋಗಬೇಕು.

ಕಟ್ಟೆ! ಗಂಡ ತೀರಿಕೊಂಡ ಮೇಲೆ ಶಿವಗಂಗವ್ವನಿಗೆ ಇದ್ದ ಒಂದೇ ಲೋಕ ಅದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಅಲ್ಲಿ ಬಂದು ಕುಳಿತರೆ ಓಣಿಯ ಜಗಳ, ಲಗ್ನ, ಬಾಣಂತನ ಎಲ್ಲ ಅವಳೆದುರಿಗೇ ತೀರ್ಮಾನವಾಗಬೇಕು. "ನಾ ಹೋದ ಮ್ಯಾಲೆ ಒಡೀರಿ," ಎಂದು ಅವಳು ಒಳಗೆದ್ದು ಹೋದಳು. ಗುರುಪಾದನೂ ತಾಯಿಯ ಕಡೆಗೇ ವಾಲಿದ. ತಾಯಿಗಾಗಿ ಅರ್ಧ, ತನ್ನ ಗ್ರಾನೈಟಿಗಾಗಿ ಅರ್ಧ ಎಂದು ನನಗನಿಸುತ್ತದೆ.

ಒಂದು ತಿಂಗಳು ಹಾಗೇ ಕಳೆಯಿತು. ಮತ್ತೆ ಅದೇ ಬೆನ್ನು, ಅದೇ ಏಳು ಮೆಟ್ಟಿಲು. ಓಣಿಯಲ್ಲಿ ದಾಕ್ಷಾಯಿಣಿಯ ಹೆಸರು ಪೂರಾ ಕೆಟ್ಟಿತು. ನಾದಿನಿಯನ್ನು ಕಂಡರೆ ಆಗದವಳು, ಗಂಡನಿಗೆ ಹಚ್ಚಿಕೊಟ್ಟವಳು ಎಂದು ನಲ್ಲಿಯ ಹತ್ತಿರ ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಅವಳು ಕೊಡ ತುಂಬಿಕೊಂಡು ತಲೆ ತಗ್ಗಿಸಿ ಬಂದುಬಿಡುತ್ತಿದ್ದಳು. ಸುಜಾತಾಳ ಗುಟ್ಟೊಂದು ಅವಳ ಹೊಟ್ಟೆಯಲ್ಲಿತ್ತು, ಯಾರಿಗೂ ಹೇಳಬಾರದೆಂದು ಸುಜಾತಾ ಆಣೆ ಹಾಕಿಸಿದ್ದಳು.

ಕೊನೆಗೊಂದು ಸಂಜೆ ಸುಜಾತಾ ತಾನು ಬೇರೆ ಮನೆ ನೋಡಿದ್ದೇನೆ ಎಂದು ಹೇಳಿದಳು. ಕಚೇರಿಯ ಹಿಂದಿನ ಬೀದಿಯಲ್ಲಿ, ಅಲ್ಲವ್ವ ಎಂಬ ಮುದುಕಿಯ ಮನೆಯ ಒಂದು ಕೋಣೆ. ರಸ್ತೆಯ ಸಮಕ್ಕೇ ಇದೆ, ಒಂದೂ ಮೆಟ್ಟಿಲಿಲ್ಲ. ಒಂದನೇ ತಾರೀಖಿಗೆ ಹೋಗುತ್ತೇನೆ ಎಂದಳು.

ಶಿವಗಂಗವ್ವ ಎದೆ ಎದೆ ಬಡಿದುಕೊಂಡಳು. ಲಗ್ನವಾಗದ ಮಗಳು, ನಡೆಯಲಾರದ ಮಗಳು, ಅಣ್ಣ ಜೀವಂತ ಇರುವಾಗ ಪರರ ಮನೆಯಲ್ಲಿ ಬಾಡಿಗೆಗೆ ಇರುವುದೆಂದರೆ...! ಅವಳ ಕಣ್ಣೀರು ಸೊಸೆಯ ಕಡೆಗೇ ಹರಿಯಿತು.

"ಆತಲ್ಲ ನಿನ್ನ ಮನಸಿನ್ಹಂಗ? ಮನೀ ಮಗಳು ಹೊರಗ ಹೊಂಟ್ಲು. ಇನ್ನ ಕಾಲ ಚಾಚಿ ಮಲಗು."

ದಾಕ್ಷಾಯಿಣಿ ನಾದಿನಿಯ ಮುಖ ನೋಡಿದಳು. ಸುಜಾತಾ ಬೇಡ ಎಂಬಂತೆ ತಲೆಯಾಡಿಸಿದಳು. ಆದರೆ ತಿಂಗಳಿಡೀ ನುಂಗಿದ ಮಾತು ಇನ್ನು ಒಳಗೆ ನಿಲ್ಲುವಂತಿರಲಿಲ್ಲ.

"ಅತ್ತೀ, ನಿಮ್ಮ ಮಗಳು ಮುಂಜಾನಿ ಮನಿ ಬಿಟ್ಟಾಕಿ, ತಿರುಗಿ ಒಳಗ ಬರೂತನಕ ಒಂದು ಗುಟುಕು ನೀರು ಕುಡ್ಯಾಂಗಿಲ್ಲ. ಕಚೇರಿ ಪಾಯಖಾನಿ ಬಾಗಲದಾಗ ಆಕಿ ಕುರ್ಚಿ ಹಿಡ್ಯಾಂಗಿಲ್ಲ. ಮನಿಗೆ ಬಂದ್ರ, ಇವರು ಹಿಡಕಲ್‌ದಾಗಿನ ಕೆಲಸ ಮುಗಿಸಿ ಬರೂತನಕ ಏಳಾಕೈತಿ, ಎಂಟಾಕೈತಿ. ಅಲ್ಲೀತನಕ ಕೆಳಗ ಕುಂತಾಕಿ ಎಲ್ಲಿಗೆ ಹೋಗಬೇಕ್ರಿ? ಯಾರಿಗೆ ಹೇಳಬೇಕ್ರಿ? ಈ ವರ್ಷ ಉರಿಮೂತ್ರ ಆಗಿ ಮೂರು ಸಲ ದವಾಖಾನಿಗೆ ಕರಕೊಂಡು ಹೋಗೇನಿ. ಜ್ವರ ಅಂತ ನಿಮಗ ಸುಳ್ಳು ಹೇಳೇನಿ. ಇನ್ನೊಮ್ಮಿ ಹಿಂಗಾದ್ರ ಕಿಡ್ನಿಗೆ ಪೆಟ್ಟು ಬೀಳತೈತಿ ಅಂತ ಡಾಕ್ಟರ್ ಹೇಳ್ಯಾರ."

ಶಿವಗಂಗವ್ವ ಮಗಳ ಹತ್ತಿರ ಬಂದು ಕುಳಿತು, ಇದು ಖರೆಯೇ ಎಂದು ಕೇಳಿದಳು. ಸುಜಾತಾ ಹೌದೆಂದಳು.

"ಹಡೆದ ತಾಯಿ ನಾ... ನನಗ್ಯಾಕ ಹೇಳಲಿಲ್ಲ ಯವ್ವಾ?"

"ಹೇಳಿದ್ರ ನೀ ನೌಕರಿ ಬಿಡು ಅಂತಿದ್ದಿ."

ತಾಯಿ ಹಾಗೇ ಅನ್ನುತ್ತಿದ್ದಳು, ಅದೂ ನಿಜವೇ. ಗುರುಪಾದ ಎದ್ದು ಹೊರಗೆ ಹೋಗಿ ತನ್ನ ಗ್ರಾನೈಟ್ ಮೆಟ್ಟಿಲ ಮೇಲೆ ಕುಳಿತ. ತಾನು ಪ್ರತಿ ಸಂಜೆ ಬೈಕು ನಿಲ್ಲಿಸಿ, ಚಹಾ ಕುಡಿದು, ಮುಖ ತೊಳೆದು, ಆಮೇಲೆ ನಿಧಾನವಾಗಿ ತಂಗಿಯನ್ನು ಎತ್ತಲು ಬರುತ್ತಿದ್ದುದು ಅವನಿಗೆ ನೆನಪಾಯಿತು. ಅಷ್ಟು ಹೊತ್ತೂ ಅವಳು ನಗುತ್ತ ಕೆಳಗೆ ಕುಳಿತಿರುತ್ತಿದ್ದಳು... ಅವನು ಮೊಣಕಾಲಿನಲ್ಲಿ ಮುಖವಿಟ್ಟು ಅತ್ತ. ಓಣಿಯವರು ನೋಡಿದರು, ಅವನು ಮುಖ ಮುಚ್ಚಿಕೊಳ್ಳಲೂ ಹೋಗಲಿಲ್ಲ.

ಮರುದಿನ ಶಿವಗಂಗವ್ವ ಪೂಜೆ ಮುಗಿಸಿ ಕಟ್ಟೆಗೆ ಬಂದಳು. ಕುಳಿತುಕೊಳ್ಳಲಿಲ್ಲ. ತನ್ನ ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಗನಿಗೆ, "ಒಡಿ," ಎಂದಳು.

ಕಲ್ಲುಗಳನ್ನು ಗುರುಪಾದ ತಾನೇ ಒಡೆದ. ಬೀರಸಿದ್ದಪ್ಪ ಸುತ್ತಿಗೆಗೆ ಕೈ ಚಾಚಿದರೂ ಕೊಡಲಿಲ್ಲ. ಆಮೇಲೆ ಮಟ್ಟ ನೋಡುವ, ನೀರು ತುಂಬಿದ ಲೆವಲ್ ಪೈಪಿನ ಒಂದು ತುದಿಯನ್ನು ಕುರ್ಚಿಯಲ್ಲಿದ್ದ ತಂಗಿಯ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಅಂಗಳದ ತುದಿಗೆ ಹೋದ. ಮಾರು ಮಾರಿಗೂ ನಿಂತು ಕೇಳಿದ. ಹಿಡಿಕೆಯ ಪೈಪು ಎಷ್ಟು ಎತ್ತರ ಇರಲಿ, ತಿರುವಿನಲ್ಲಿ ಕುರ್ಚಿ ಹೊರಳಲು ಎಷ್ಟು ಜಾಗ ಬೇಕು, ನಡುವೆ ಕೈಗೆ ವಿಶ್ರಾಂತಿ ಎಲ್ಲಿ ಬೇಕು. ಅವಳು ಹೇಳಿದಳು, ಅವನು ಗುರುತು ಹಾಕಿದ. ಟೈಲ್ಸ್ ಹಾಕಲಿಲ್ಲ. ಹಸಿ ಕಾಂಕ್ರೀಟಿನ ಮೇಲೆ ಕಸಬರಿಗೆ ಎಳೆದು ಗಾಲಿ ಜಾರದಂತೆ ಒರಟು ಮಾಡಿದ. ಅದು ನೋಡಲು ಚೆಂದವಾಗಿರಲಿಲ್ಲ. ಗ್ರಾನೈಟ್ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದವರಿಗೆಲ್ಲ ಈಗ ತಂಪಾಯಿತು.

ಅಲ್ಲವ್ವನಿಗೆ ಕೋಣೆ ಬೇಡವೆಂದು ಹೇಳಿ ಕಳಿಸಿದ್ದಾಯಿತು. ಸುಜಾತಾ ಐದೂವರೆಗೆ ಕಚೇರಿ ಬಿಟ್ಟು ಆರರೊಳಗೆ ಯಾರನ್ನೂ ಕಾಯದೆ ಮನೆಯೊಳಗೆ ಬರತೊಡಗಿದಳು. ಕಚೇರಿಯ ಪಾಯಖಾನೆಗೆ ನಾಲ್ಕನೆಯ ಅರ್ಜಿ ಕೊಟ್ಟಳು, ಮುದ್ರೆ ಹೊಡೆಸಿಕೊಂಡ ಪ್ರತಿಯನ್ನು ಮೇಜಿನ ಗಾಜಿನ ಕೆಳಗೆ ಕಾಣುವಂತೆ ಇಟ್ಟಳು. ಬಾಗಿಲು ಅಗಲವಾಗಲು ಎರಡು ತಿಂಗಳು ಹಿಡಿಯಿತು, ಆದರೆ ಆಯಿತು. ಎದುರು ಮನೆಯಲ್ಲಿ ಲಕ್ವ ಹೊಡೆದು ಮೂರು ವರ್ಷದಿಂದ ಮಂಚ ಹಿಡಿದಿದ್ದ ಕೆಂಚಪ್ಪ ಕಾಕಾ ಕಿಟಕಿಯಿಂದ ಇದನ್ನೆಲ್ಲ ನೋಡಿ, ತನಗೂ ಅಂಥದ್ದೇ ಬೇಕೆಂದು ಹಟ ಹಿಡಿದ. ಅವನ ಮಕ್ಕಳು ಗುರುಪಾದನ ಹತ್ತಿರ ಬಂದರು. ಈಗ ಗುರುಪಾದ ಹುಕ್ಕೇರಿಯಿರಲಿ, ಮೂಡಲಗಿಯಿರಲಿ, ಕೆಲಸ ಹಿಡಿಯುವ ಮೊದಲು ಆ ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರ ಕಾಲು ಹೇಗಿದೆ ಎಂದು ಕೇಳುತ್ತಾನೆ.

ಶಿವಗಂಗವ್ವ ಸೊಸೆಯ ಕ್ಷಮೆ ಕೇಳುವ ಪೈಕಿಯಲ್ಲ. ಆದರೆ ಇಳಿಜಾರು ನೋಡಲು ಬಂದ ಹೆಂಗಸರಿಗೆಲ್ಲ, ಇದು ನಮ್ಮ ಸೊಸಿ ತಲೀ ಎಂದು ಒಬ್ಬರನ್ನೂ ಬಿಡದೆ ಹೇಳಿದಳು. ದಾಕ್ಷಾಯಿಣಿ ಒಳಗೆ ಕೇಳಿಸಿಕೊಂಡು ಕಣ್ಣೊರೆಸಿಕೊಂಡಳು.

ಇದಾಗಿ ಮೂರು ತಿಂಗಳ ಮೇಲೆ ಒಂದು ದಿನ ಆರು ಹೊಡೆದರೂ ಸುಜಾತಾ ಬರಲಿಲ್ಲ. ಆರೂವರೆಯಾಯಿತು. ಫೋನ್ ಎತ್ತಲಿಲ್ಲ. ಗುರುಪಾದ ಬೈಕು ಹತ್ತಿ ಹೋಗಿ ನೋಡಿದರೆ ಕಚೇರಿಗೆ ಬೀಗ. ಶಿವಗಂಗವ್ವ ಒಳಗೂ ಹೊರಗೂ ಹತ್ತು ಸಲ ಅಡ್ಡಾಡಿದಳು. ಏಳೂಕಾಲಿಗೆ ಸುಜಾತಾ ತಿರುವು ದಾಟಿ ಮೇಲೆ ಬಂದಳು. ತೊಡೆಯ ಮೇಲೆ ಒಂದು ಕಾಗದದ ಪೊಟ್ಟಣ, ಕೂದಲೆಲ್ಲ ಗಾಳಿಗೆ ಕೆದರಿತ್ತು.

"ಯಾರ ಕೂಡ ಹೋಗಿದ್ದಿ?" ಎಂದ ಗುರುಪಾದ.

"ಯಾರ ಕೂಡೂ ಇಲ್ಲ. ಸುಮ್ನ ಪ್ಯಾಟ್ಯಾಗ ಅಡ್ಡ್ಯಾಡಿ ಬಂದೆ. ಭಜಿ ತಂದೇನಿ, ತಗೋ."

ಶಿವಗಂಗವ್ವ ಶುರು ಮಾಡಿದಳು. ಹೊತ್ತು ಗೊತ್ತು ಇಲ್ಲವೇ, ಹೇಳಿ ಹೋಗಬಾರದೇ, ಫೋನು ಇರುವುದು ಯಾತಕ್ಕೆ, ಬೆಳೆದ ಹುಡುಗಿ ಪೇಟೆಯಲ್ಲಿ ಒಬ್ಬಳೇ ತಿರುಗಿದರೆ ಜನ ಏನೆನ್ನುತ್ತಾರೆ... ಎಲ್ಲ ಮನೆಯ ತಾಯಂದಿರು ಎಲ್ಲ ಹೆಣ್ಣುಮಕ್ಕಳಿಗೆ ಬೈಯುವ ಬೈಗುಳ ಅದು. ಮೂವತ್ತೊಂದು ವರ್ಷದಲ್ಲಿ ಸುಜಾತಾಳಿಗೆ ಆ ಬೈಗುಳ ಒಮ್ಮೆಯೂ ಸಿಕ್ಕಿರಲಿಲ್ಲ. ತಾನಾಗಿ ಹೊರಗೆ ಹೋಗದವಳಿಗೆ ತಡವಾಗಿ ಬಂದೆ ಎಂದು ಬೈಯುವವರು ಯಾರು?

ತಾಯಿ ದಣಿದು ಮಾತು ನಿಲ್ಲಿಸಿದಾಗ ಸುಜಾತಾ ತಲೆ ಎತ್ತಿದಳು. ಅವಳ ಕಣ್ಣು ತುಂಬಿತ್ತು, ಮುಖದ ತುಂಬ ನಗುವಿತ್ತು.

"ಇನ್ನಷ್ಟ ಬೈ ಯವ್ವಾ," ಎಂದಳು.

ಅಂದು ಆ ಮನೆಯಲ್ಲಿ ಊಟಕ್ಕೆ ತಡವಾಯಿತು.